ಹಣೆಯ ಮೀಟರು: ಕಾಸರಗೋಡಿನ ಓಟಿಗಳಿಗೆ ಸೆರೆಬ್ರಲ್ ಆಕ್ಸಿಮೀಟರ್ ಬೇಕೆ?

ಆಪರೇಶನ್ ಥಿಯೇಟರಿನಲ್ಲಿ, ಅಂದರೆ ಓಟಿಯಲ್ಲಿ, ರೋಗಿಯ ಮಿದುಳಿನ ಆಮ್ಲಜನಕ ನೋಡುವ ಈ ಯಂತ್ರದ ಪರದೆಯಲ್ಲಿ 98, 99 ಬರುವುದಿಲ್ಲ. 65 ಬಂದರೆ ಎಲ್ಲ ಸರಿ ಇದೆ ಎಂದರ್ಥ. ಬೆರಳಿನ ಪಲ್ಸ್ ಆಕ್ಸಿಮೀಟರ್‌ಗೆ ಕಣ್ಣು ಪಳಗಿದವರಿಗೆ ಮೊದಲ ದಿನ ಇಲ್ಲೇ ಗೊಂದಲ. ಬೆರಳಿನ ಮೀಟರು ನಾಡಿಯೊಂದಿಗೆ ಬಡಿಯುವ ಅಪಧಮನಿಯ ರಕ್ತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಣೆಗೆ ಅಂಟಿಸುವ ಸೆರೆಬ್ರಲ್ ಆಕ್ಸಿಮೀಟರ್ ಮಿದುಳಿನ ಮುಂಭಾಗದ ಒಂದು ಸಣ್ಣ ತುಣುಕಿನಲ್ಲಿರುವ ರಕ್ತವನ್ನೆಲ್ಲ ಒಟ್ಟಾಗಿ ನೋಡುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮಿದುಳಿಗೆ ಆಮ್ಲಜನಕ ಕೊಟ್ಟು ಹಿಂದಿರುಗುತ್ತಿರುವ ರಕ್ತ. ಆದ್ದರಿಂದ ಎಚ್ಚರವಾಗಿರುವ ಆರೋಗ್ಯವಂತರಲ್ಲೂ 60ರಿಂದ 75ರ ಆಸುಪಾಸು ಬರುತ್ತದೆ. ಹೃದ್ರೋಗಿಗಳಲ್ಲಿ, ರಕ್ತಹೀನತೆ ಇದ್ದವರಲ್ಲಿ ಆಪರೇಶನ್ನಿಗೆ ಮೊದಲೇ 55 ಇರುವುದೂ ಉಂಟು.

ಇನ್ನೊಂದು ದೊಡ್ಡ ವ್ಯತ್ಯಾಸವೆಂದರೆ ಇದಕ್ಕೆ ನಾಡಿ ಬೇಕಾಗಿಲ್ಲ. ಆಪರೇಶನ್ನಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ವಹಿಸಿಕೊಳ್ಳುವ ಹಾರ್ಟ್-ಲಂಗ್ ಯಂತ್ರದ ಪಂಪು ಒಂದೇ ಸಮನೆ ರಕ್ತ ಹರಿಸುವಾಗ ಬೆರಳಿನ ಮೀಟರು ಗೆರೆ ಎಳೆದು ಸುಮ್ಮನಾಗುತ್ತದೆ, ಇದು ಓದುತ್ತಲೇ ಇರುತ್ತದೆ. ದೇಹದ ತೂಕದಲ್ಲಿ ಶೇ. 2 ಇರುವ ಮಿದುಳು ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ನ್ನು ತಿನ್ನುತ್ತದೆ, ಕೂಡಿಟ್ಟುಕೊಳ್ಳುವ ಅಭ್ಯಾಸವಂತೂ ಅದಕ್ಕಿಲ್ಲ. ಹೃದಯ ನಿಲ್ಲಿಸಿ ಮಾಡುವ ಆಪರೇಶನ್ನಿನಲ್ಲಿ ಈ ಅಂಗವೊಂದನ್ನು ನೋಡದೆ ಉಳಿದೆಲ್ಲವನ್ನೂ ನೋಡುತ್ತಿದ್ದೆವು ಎಂಬುದೇ ಈ ಯಂತ್ರ ಹುಟ್ಟಲು ಕಾರಣ.

ಉಪಾಯ ಸರಳ. ಕತ್ತಲೆಯಲ್ಲಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿದರೆ ಬೆರಳ ಸಂದು ಕೆಂಪಾಗಿ ಹೊಳೆಯುತ್ತದಲ್ಲ, ಹಾಗೆಯೇ ಅವಕೆಂಪು ಬೆಳಕು ಚರ್ಮ, ಎಲುಬು ದಾಟಿ ಒಳಗೆ ಹೋಗಿ ಚದುರಿ ಹೊರಗೆ ಬರುತ್ತದೆ. ಮಿದುಳಿನ ಆಮ್ಲಜನಕವನ್ನು ಹೀಗೆ ಹೊರಗಿನಿಂದಲೇ ಗಮನಿಸಬಹುದೆಂದು ಫ್ರಾನ್ಸ್ ಯೋಬ್ಸಿಸ್ 1977ರಲ್ಲಿ ತೋರಿಸಿದರು. ಮಾರುಕಟ್ಟೆಯಲ್ಲಿ ಹೆಚ್ಚು ಹಳೆಯ ಪರಿಚಯವಿರುವ ಇನ್ವೋಸ್ 5100ಸಿಯಲ್ಲಿ ಎರಡು ತರಂಗಾಂತರ, 730 ಮತ್ತು 810 ನ್ಯಾನೋಮೀಟರ್. ಸ್ಟಿಕ್ಕರಿನ ಒಂದು ತುದಿಯಲ್ಲಿ ಬೆಳಕು. ದೊಡ್ಡವರ ಸೆನ್ಸರಿನಲ್ಲಿ ಅದರಿಂದ 3 ಮತ್ತು 4 ಸೆಂಟಿಮೀಟರ್ ದೂರದಲ್ಲಿ ಎರಡು ಗ್ರಾಹಕಗಳು. ಹತ್ತಿರದ್ದಕ್ಕೆ ಚರ್ಮ ಮತ್ತು ಎಲುಬಿನಲ್ಲಿ ಸುತ್ತಾಡಿದ ಬೆಳಕು ಹೆಚ್ಚು, ದೂರದ್ದಕ್ಕೆ ಆಳಕ್ಕೆ ಇಳಿದು ಬಂದದ್ದು ಹೆಚ್ಚು. ಒಂದರಿಂದ ಇನ್ನೊಂದನ್ನು ಕಳೆದರೆ ಮಿದುಳಿನ ಪಾಲು ಉಳಿಯುತ್ತದೆ ಎಂಬ ಲೆಕ್ಕ. ಪೂರ್ತಿ ಉಳಿಯುತ್ತದೆಯೇ? ಇಲ್ಲ. ಚರ್ಮದ ಪಾಲು ಸ್ವಲ್ಪ ಅಂಟಿಕೊಂಡೇ ಇರುತ್ತದೆ. ಈ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ.

ಗಡಿಯ ಈಚೆಗೆ ಇದರ ಕೆಲಸವೇನು

ತೆರೆದ ಹೃದಯದ ಆಪರೇಶನ್ ಎಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದವರ ದಾರಿ ಹೆಚ್ಚಾಗಿ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ, ದಕ್ಷಿಣದವರು ಕಣ್ಣೂರು ಜಿಲ್ಲೆಯ ಪರಿಯಾರಕ್ಕೆ. ಹೀಗಿರುವಾಗ ಹೃದಯದ ಓಟಿಗೆಂದೇ ಬೆಳೆದ ಯಂತ್ರ ಕಾಸರಗೋಡು, ಕಾಞಂಗಾಡಿನ ಮಧ್ಯಮ ಗಾತ್ರದ ಆಸ್ಪತ್ರೆಗೆ ಏಕೆ ಎಂಬ ಪ್ರಶ್ನೆ ಸಹಜ. ನಮ್ಮ ಉತ್ತರ: ಭುಜಕ್ಕೆ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಭುಜದ ಎಲುಬು ಮುರಿದವರು, ಸ್ನಾಯುರಜ್ಜು ಹರಿದುಕೊಂಡವರು ಈ ಜಿಲ್ಲೆಯ ಓಟಿಗಳಿಗೆ ಹೊಸಬರಲ್ಲ. ಭುಜದ ಆಪರೇಶನ್ನಿಗೆ ರೋಗಿಯನ್ನು ಆರಾಮ ಕುರ್ಚಿಯಲ್ಲಿ ಒರಗಿಸಿದ ಹಾಗೆ ಕೂರಿಸುತ್ತಾರೆ. ಬೀಚ್ ಚೇರ್ ಎಂದು ಹೆಸರು. ಹೆಸರಿನಷ್ಟು ಸುಖದ ಭಂಗಿ ಅದಲ್ಲ.

ಲೆಕ್ಕ ನೋಡಿ. ರಕ್ತದೊತ್ತಡದ ಪಟ್ಟಿ ತೋಳಿನಲ್ಲಿದೆ, ಮಿದುಳು ಅದಕ್ಕಿಂತ ಮೇಲಿದೆ. ಎತ್ತರದ ಪ್ರತಿ 1 ಸೆಂಟಿಮೀಟರಿಗೆ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 0.77 ಮಿಲಿಮೀಟರ್ ಇಳಿಯುತ್ತದೆ. ಪಟ್ಟಿಯಿಂದ ಕಿವಿಯ ಮಟ್ಟಕ್ಕೆ 25 ಸೆಂಟಿಮೀಟರ್ ಇದ್ದರೆ 19 ಮಿಲಿಮೀಟರ್ ಅಲ್ಲೇ ಹೋಯಿತು. ಪರದೆಯಲ್ಲಿ ಸರಾಸರಿ ಒತ್ತಡ 65 ಎಂದು ನಿಶ್ಚಿಂತರಾಗಿದ್ದರೆ ಮಿದುಳಿನ ಬುಡದಲ್ಲಿರುವುದು 46. ಒಂದು ಕೈ ಆಪರೇಶನ್ನಿನಲ್ಲಿ, ಇನ್ನೊಂದರಲ್ಲಿ ಡ್ರಿಪ್ ಎಂದು ಪಟ್ಟಿಯನ್ನು ಕಾಲಿಗೆ ಕಟ್ಟಿದರಂತೂ ಲೆಕ್ಕವೇ ತಪ್ಪುತ್ತದೆ, ಏಕೆಂದರೆ ಕುಳಿತ ಭಂಗಿಯಲ್ಲಿ ಮೀನಖಂಡದ ಒತ್ತಡ ಮಿದುಳಿನದ್ದಕ್ಕಿಂತ ಎಷ್ಟೋ ಹೆಚ್ಚು. ರಕ್ತ ಒಸರಿ ಕೀಲಿನೊಳಗೆ ನೋಡುವ ಆರ್ತ್ರೋಸ್ಕೋಪಿನ ನೋಟ ಮಂಕಾಗದಿರಲೆಂದು ಸರ್ಜನ್ ಬೇರೆ "ಬಿಪಿ ಸ್ವಲ್ಪ ಇಳಿಸಿ ಡಾಕ್ಟ್ರೇ" ಎನ್ನುತ್ತಾರೆ. ಈ ಹಗ್ಗಜಗ್ಗಾಟದಲ್ಲಿ ಮಿದುಳಿನ ಪರವಾಗಿ ಮಾತಾಡುವುದು ಹಣೆಯ ಮೀಟರೊಂದೇ. ಬಾಗಿಲು ಮುಚ್ಚಿದರೆ ಏನಾಗುತ್ತದೆಂದು 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿದಾಗ ನೋಡಿದ ಜಿಲ್ಲೆ ಇದು. ಇಲ್ಲೇ ಆಗುವ ಆಪರೇಶನ್ನುಗಳಿಗೆ ಬೇಕಾದ್ದು ಇಲ್ಲೇ ಇರಲಿ ಎಂಬ ವಾದಕ್ಕೆ ಅದಕ್ಕಿಂತ ದೊಡ್ಡ ಪೀಠಿಕೆ ಬೇಡ.

ಯಾವ ಯಂತ್ರ

ಇನ್ವೋಸ್ ಮೊದಲು ಸೊಮಾನೆಟಿಕ್ಸ್ ಕಂಪನಿಯದ್ದು. 2010ರಲ್ಲಿ ಕೊವಿಡಿಯನ್ ಕೊಂಡಿತು, 2015ರಲ್ಲಿ ಕೊವಿಡಿಯನ್ನೇ ಮೆಡ್‌ಟ್ರಾನಿಕ್ ಪಾಲಾಯಿತು. ಫೋರ್‌ಸೈಟ್ ಎಂಬ ಇನ್ನೊಂದು ಯಂತ್ರ ಕಾಸ್‌ಮೆಡ್ ಕಂಪನಿಯಿಂದ 2019ರಲ್ಲಿ ಎಡ್ವರ್ಡ್ಸ್‌ಗೆ, ಎಡ್ವರ್ಡ್ಸ್‌ನ ಆ ವಿಭಾಗ 2024ರಲ್ಲಿ ಬೆಕ್ಟನ್ ಡಿಕಿನ್ಸನ್‌ಗೆ ಹೋಯಿತು. ಇವಲ್ಲದೆ ಮಾಸಿಮೋದ ಓ3, ನೋನಿನ್‌ನ ಸೆನ್‌ಸ್ಮಾರ್ಟ್ ಇವೆ. ಈ ವಂಶಾವಳಿ ಹೇಳಿದ್ದು ಸುಮ್ಮನೆ ಅಲ್ಲ. ಹಳೆಯ ಮೊಡೆಲಿನ ಯಂತ್ರವನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ಬರುವವರಿದ್ದಾರೆ. ಯಂತ್ರದ ಮೇಲೆ ಒಂದು ಹೆಸರು, ಸೆನ್ಸರಿನ ಪೊಟ್ಟಣದ ಮೇಲೆ ಇನ್ನೊಂದು. ಎರಡೂ ಒಂದಕ್ಕೊಂದು ಕೂಡುತ್ತವೆಯೇ, ಆ ಸೆನ್ಸರ್ ಇನ್ನೂ ತಯಾರಾಗುತ್ತಿದೆಯೇ ಎಂದು ಲಿಖಿತವಾಗಿ ಪಡೆಯದೆ ಕೈ ಹಾಕಬೇಡಿ. ಒಂದು ಕಂಪನಿಯ ಸೆನ್ಸರ್ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ.

5100ಸಿಯ ಗುಣ ಅದರ ಸರಳತೆ. ನಾಲ್ಕು ಚಾನೆಲ್. ಎರಡು ಹಣೆಗೆ, ಬೇಕಿದ್ದರೆ ಇನ್ನೆರಡು ಸೊಂಟದ ಪಕ್ಕ ಮೂತ್ರಪಿಂಡದ ಮೇಲೋ ಕಾಲಿಗೋ ಹಾಕಬಹುದು. ಮಕ್ಕಳ ಹೃದಯದ ಆಪರೇಶನ್ನಿನಲ್ಲಿ ಇದು ನಿಜವಾಗಿ ಉಪಯೋಗದ್ದು. ಅಂಕಿ 15ರಿಂದ 95ರವರೆಗೆ ಮಾತ್ರ ತೋರಿಸುತ್ತದೆ. 15 ಎಂದು ನಿಂತಿದ್ದರೆ ಅದು 15 ಇರಬಹುದು, ಅದಕ್ಕೂ ಕಡಿಮೆ ಇರಬಹುದು. ದೊಡ್ಡ ಅಂಕಿಯ ಪಕ್ಕ ಬೇಸ್‌ಲೈನಿನಿಂದ, ಅಂದರೆ ಅರಿವಳಿಕೆಗೆ ಮೊದಲು ಗುರುತಿಟ್ಟ ಅಂಕಿಯಿಂದ, ಶೇಕಡಾ ಎಷ್ಟು ಬದಲಾಗಿದೆ ಎಂದು ಸಣ್ಣದಾಗಿ ಬರುತ್ತದೆ. ಓಟಿಯಲ್ಲಿ ಎಲ್ಲರೂ ನೋಡುವುದು ದೊಡ್ಡದನ್ನು, ನೋಡಬೇಕಾದ್ದು ಸಣ್ಣದನ್ನು.

ಫೋರ್‌ಸೈಟ್ ಮತ್ತು ಓ3ಗಳಲ್ಲಿ ತರಂಗಾಂತರಗಳು ಹೆಚ್ಚು. ಬದಲಾವಣೆಯನ್ನಷ್ಟೇ ಅಲ್ಲ, ಅಂಕಿಯನ್ನೇ ನಂಬಬಹುದು ಎಂಬುದು ಅವುಗಳ ಹೇಳಿಕೆ. 2013ರಲ್ಲಿ ಐದು ಬಗೆಯ ಯಂತ್ರಗಳನ್ನು ಆರೋಗ್ಯವಂತ ಸ್ವಯಂಸೇವಕರ ಮೇಲೆ ಹೋಲಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ಯಂತ್ರದಿಂದ ಯಂತ್ರಕ್ಕೆ ಅಂಕಿ ಬೇರೆಯಾಗಿತ್ತು, ಮೈಬಣ್ಣ ಕಪ್ಪಾದಷ್ಟೂ ಓದು ಕೆಳಗೆ ಜಾರುವ ಒಲವೂ ಕಂಡಿತು. ನಮ್ಮ ಕಡೆಯ ಮೈಬಣ್ಣಕ್ಕೆ ಇದು ಸಣ್ಣ ಮಾತಲ್ಲ. ಯಾವ ಯಂತ್ರವಾದರೂ ಸರಿ, ಅಮೆರಿಕದ ಪುಸ್ತಕದ 67ನ್ನು ಇಟ್ಟುಕೊಂಡು ಮುಳ್ಳೇರಿಯದ ಕೃಷಿಕನ 58ನ್ನು ಅಳೆಯಬಾರದು. ಆತನಿಗೆ ಆತನ ಬೇಸ್‌ಲೈನೇ ಪ್ರಮಾಣ.

ಅಂಟಿಸುವ ಕೆಲಸ

ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲಿ, ಅದೂ ಮೊದಲ ಎರಡು ನಿಮಿಷದಲ್ಲಿ.

ನಮ್ಮ ಊರಿನ ಹಣೆ ಖಾಲಿ ಇರುವುದಿಲ್ಲ. ಗಂಧ, ಭಸ್ಮ, ಕುಂಕುಮ, ಸ್ಟಿಕ್ಕರ್ ಬೊಟ್ಟಿನ ಗೋಂದು, ತಲೆಯಿಂದ ಇಳಿದ ತೆಂಗಿನೆಣ್ಣೆ. ಇದ್ಯಾವುದೂ ಕಂಪನಿಯ ಕೈಪಿಡಿಯಲ್ಲಿಲ್ಲ. ಎಣ್ಣೆ ಇದ್ದರೆ ಅಂಟು ಹಿಡಿಯುವುದಿಲ್ಲ. ಕುಂಕುಮದ ಬಣ್ಣ ಬೆಳಕಿನ ದಾರಿಗೆ ಅಡ್ಡ. ಆಪರೇಶನ್ನಿಗೆ ಹೊರಟವರ ಹಣೆಗೆ ಮನೆಯವರು ದೇವಸ್ಥಾನದ ಪ್ರಸಾದ ಹಚ್ಚಿರುತ್ತಾರೆ. ಅದನ್ನು ಓಟಿಯೊಳಗೆ ಸ್ಪಿರಿಟ್ ಹತ್ತಿಯಲ್ಲಿ ಗಸಗಸ ಉಜ್ಜುವುದಕ್ಕಿಂತ ವಾರ್ಡಿನಲ್ಲೇ "ಅಮ್ಮಾ, ಹಣೆಗೆ ಮೀಟರು ಅಂಟಿಸಲಿಕ್ಕುಂಟು, ಮುಖ ಸಾಬೂನು ಹಾಕಿ ತೊಳೆದು ಬನ್ನಿ" ಎಂದರೆ ಯಾರಿಗೂ ಬೇಸರವಿಲ್ಲ. ಮಲಯಾಳ ಮಾತ್ರ ಬಲ್ಲ ಸಿಸ್ಟರ್ ಇದ್ದರೆ ಈ ಒಂದು ವಾಕ್ಯವನ್ನು ಕನ್ನಡದಲ್ಲೂ ತುಳುವಿನಲ್ಲೂ ಬರೆದು ಗೋಡೆಗೆ ಅಂಟಿಸಿಡಿ. ನಮಾಜಿನ ಗುರುತಿನಿಂದ ಹಣೆಯ ನಡುವೆ ಚರ್ಮ ದಪ್ಪಗಾಗಿದ್ದರೆ ಸೆನ್ಸರಿನ ಬೆಳಕಾಗಲಿ ಗ್ರಾಹಕವಾಗಲಿ ಅದರ ಮೇಲೆ ಬಾರದಂತೆ ಪಕ್ಕಕ್ಕೆ ಸರಿಸಿ. ಹೇಗೂ ನಟ್ಟನಡುವೆ ಅಂಟಿಸಬಾರದು: ತಲೆಯ ಮಧ್ಯರೇಖೆಯ ಒಳಗೆ ದೊಡ್ಡ ಅಭಿಧಮನಿ ಹರಿಯುತ್ತದೆ, ಅಂಕಿ ಅದನ್ನೇ ಓದುತ್ತದೆ.

ಎರಡು ಸೆನ್ಸರ್, ಮಧ್ಯರೇಖೆಯ ಎಡಕ್ಕೊಂದು ಬಲಕ್ಕೊಂದು. ಕೆಳ ಅಂಚು ಹುಬ್ಬಿನಿಂದ ಒಂದು ಬೆರಳು ಮೇಲೆ. ಇನ್ನೂ ಕೆಳಗೆ ಬಂದರೆ ಹಣೆಯೆಲುಬಿನೊಳಗಿನ ಗಾಳಿಯ ಪೊಳ್ಳು, ಇನ್ನೂ ಮೇಲೆ ಹೋದರೆ ಕೂದಲು. ಸ್ಪಿರಿಟ್ ಹಚ್ಚಿದ ಮೇಲೆ ಪೂರ್ತಿ ಒಣಗಲು ಬಿಡಿ. ಆಟಿ ತಿಂಗಳ ಥಂಡಿಯಲ್ಲಿ ಇದಕ್ಕೆ ಎರಡರಷ್ಟು ಹೊತ್ತು. ಅಂಟಿಸುವಾಗ ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಕೆಳಗೆ ಗಾಳಿ ಉಳಿಯಬಾರದು. ಅರಿವಳಿಕೆಯ ಆಳ ನೋಡುವ ಬಿಸ್ ಪಟ್ಟಿಯನ್ನೂ ಹಾಕುವವರು ಜಾಗ ಮೊದಲೇ ಹಂಚಿಕೊಳ್ಳಿ, ಒಂದರ ಮೇಲೊಂದು ಹತ್ತಬಾರದು. ಓಟಿಯ ದೊಡ್ಡ ದೀಪದ ಬೆಳಕು ಅಂಚಿನಿಂದ ನುಗ್ಗುತ್ತದಾದ್ದರಿಂದ ಮೇಲೊಂದು ದಪ್ಪ ಬಟ್ಟೆ ಹೊದಿಸುವುದು ಒಳ್ಳೆಯದು. ಬಟ್ಟೆ ಹೊದಿಸಿ, ಬಿಗಿದು ಕಟ್ಟಬೇಡಿ. ಗಂಟೆಗಟ್ಟಲೆ ಒತ್ತಿದರೆ ಹಣೆಯ ಚರ್ಮಕ್ಕೆ ಗಾಯ. ಬೆನ್ನೆಲುಬಿನ ಆಪರೇಶನ್ನಿಗೆ ಮಗುಚಿ ಮಲಗಿಸುವಾಗ ತಲೆದಿಂಬಿನ ಭಾರ ಸೆನ್ಸರಿನ ಮೇಲೆ ಬಿದ್ದರೂ ಅದೇ ಗತಿ.

ಇನ್ವೋಸ್ ಸೆನ್ಸರುಗಳಲ್ಲಿ ದೊಡ್ಡವರದ್ದು 40 ಕಿಲೋ ಮೇಲ್ಪಟ್ಟವರಿಗೆ, ಮಕ್ಕಳದ್ದು ಅದಕ್ಕಿಂತ ಕೆಳಗಿನವರಿಗೆ, 5 ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಬೇರೆಯದೇ. ದಾಸ್ತಾನು ಮುಗಿದಿದೆಯೆಂದು ಮಗುವಿಗೆ ದೊಡ್ಡವರದ್ದನ್ನು ಅಂಟಿಸಿದರೆ ಬೆಳಕಿನ ದೂರದ ಲೆಕ್ಕವೇ ಬದಲಾಗುತ್ತದೆ.

ಬೇಸ್‌ಲೈನ್

ಅರಿವಳಿಕೆ ಕೊಡುವ ಮೊದಲು, ರೋಗಿ ಎಚ್ಚರವಾಗಿ ಮಾತಾಡುತ್ತಿರುವಾಗ, ಅಂಕಿ ಒಂದೆರಡು ನಿಮಿಷ ಕದಲದೆ ನಿಂತ ಮೇಲೆ ಬೇಸ್‌ಲೈನ್ ಗುಂಡಿ ಒತ್ತಬೇಕು. ಮಾಸ್ಕಿನಿಂದ ಆಮ್ಲಜನಕ ಕೊಟ್ಟ ಕೂಡಲೇ ಅಂಕಿ ಮೇಲೇರುತ್ತದೆ. ಕೋಣೆಯ ಗಾಳಿಯಲ್ಲಿ 62 ಇದ್ದದ್ದು 67 ಆಯಿತೆನ್ನಿ; ಯಾವುದನ್ನು ಬೇಸ್‌ಲೈನ್ ಮಾಡಿದಿರಿ ಎಂಬುದರ ಮೇಲೆ ಮುಂದಿನ ಎಲ್ಲ ತೀರ್ಮಾನ ನಿಂತಿದೆ. ಎರಡನ್ನೂ ಅರಿವಳಿಕೆಯ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಆಮ್ಲಜನಕ ಎಷ್ಟಿತ್ತೆಂದೂ ಬರೆಯಿರಿ. ಗಡಿಬಿಡಿಯಲ್ಲಿ ರೋಗಿ ನಿದ್ದೆ ಹೋಗಿ, ಬಿಪಿ ಇಳಿದ ಮೇಲೆ ಬೇಸ್‌ಲೈನ್ ಒತ್ತುವುದು ಎಲ್ಲೆಡೆ ಕಾಣುವ ಅಭ್ಯಾಸ. ಹಾಗೆ ಮಾಡಿದರೆ ಯಂತ್ರ ಆಪರೇಶನ್ ಮುಗಿಯುವ ತನಕ ಬಾಯಿ ಬಿಡುವುದಿಲ್ಲ. ಅದರ ತಪ್ಪಲ್ಲ.

ಅಲಾರಂ ಮಿತಿಯಲ್ಲಿ ಇನ್ನೊಂದು ಗೊಂದಲ. ಬೇಸ್‌ಲೈನಿನಿಂದ ಶೇ. 20 ಇಳಿದರೆ ಎದ್ದೇಳಿ ಎಂಬುದು ರೂಢಿಯ ನಿಯಮ. ಶೇ. 20 ಬೇರೆ, 20 ಅಂಶ ಬೇರೆ. ಬೇಸ್‌ಲೈನ್ 65 ಇದ್ದರೆ ಶೇ. 20ರ ಇಳಿಕೆ ಎಂದರೆ 52. 20 ಅಂಶ ಕಳೆದು 45ರ ತನಕ ಕಾಯುವವರಿದ್ದಾರೆ. ಬೇಸ್‌ಲೈನೇ 55 ಇದ್ದವರಿಗೆ ಮಿತಿ 44 ಆಗುತ್ತದೆ, ಆದರೆ ಅಲ್ಲಿಯ ತನಕ ಕಾಯುವುದು ಜಾಣತನವಲ್ಲ. 50ರ ಕೆಳಗೆ ಹೋಯಿತೆಂದರೆ ಯಾರಿಗಾದರೂ ಕೆಲಸ ಶುರು ಮಾಡುವುದು ಲೇಸು. ಎಷ್ಟು ಇಳಿಯಿತು ಎಂಬುದರ ಜತೆ ಎಷ್ಟು ಹೊತ್ತು ಎಂಬುದೂ ಸೇರಬೇಕು. 2009ರಲ್ಲಿ ಬೈಪಾಸ್ ರೋಗಿಗಳ ಅಧ್ಯಯನವೊಂದು 50ರ ಕೆಳಗಿನ ಅಂಶವನ್ನು ಸೆಕೆಂಡಿನಿಂದ ಗುಣಿಸಿ ಲೆಕ್ಕ ಹಾಕಿ, 3000 ದಾಟಿದವರಲ್ಲಿ ಆಪರೇಶನ್ನಿನ ನಂತರ ನೆನಪು, ಗಮನ ಕುಂದುವ ಸಂಭವ ಹೆಚ್ಚೆಂದು ಕಂಡಿತು. 40ರಲ್ಲಿ ಐದು ನಿಮಿಷ ನಿಂತರೆ 10 ಗುಣಿಸು 300, ಅಂದರೆ ಸರಿಯಾಗಿ 3000. ಕಾಗದದಲ್ಲಿ ಲೆಕ್ಕ ಹಾಕಲು ಇದಕ್ಕಿಂತ ಸುಲಭದ ಅಳತೆ ಇಲ್ಲ.

ಅಂಕಿ ಇಳಿದಾಗ

ಮೊದಲ ಪ್ರಶ್ನೆ: ಒಂದು ಪಕ್ಕವೋ ಎರಡೂ ಪಕ್ಕವೋ?

ಒಂದೇ ಪಕ್ಕ ಇಳಿದಿದ್ದರೆ ಬಟ್ಟೆಯ ಕೆಳಗೆ ಕೈ ಹಾಕಿ ಸೆನ್ಸರ್ ಮುಟ್ಟಿ ನೋಡಿ. ಅಂಟು ಬಿಟ್ಟಿರಬಹುದು, ಬೆವರು ತುಂಬಿರಬಹುದು. ಅದು ಸರಿ ಇದ್ದರೆ ತಲೆ ನೋಡಿ. ಭುಜದ ಆಪರೇಶನ್ನಿನಲ್ಲಿ ಸರ್ಜನ್ ಎಳೆಯುತ್ತ ಎಳೆಯುತ್ತ ತಲೆ ಒಂದು ಕಡೆಗೆ ವಾಲಿರುತ್ತದೆ, ಕುತ್ತಿಗೆಯ ಅಭಿಧಮನಿ ಒತ್ತಿಹೋಗಿ ರಕ್ತ ಹಿಂದಿರುಗುವುದಿಲ್ಲ. ತಲೆಯನ್ನು ನಡುವಿಗೆ ತಂದ ಒಂದೆರಡು ನಿಮಿಷದಲ್ಲಿ ಅಂಕಿ ಏರಿದರೆ ಕಾರಣ ಸಿಕ್ಕಿತು. ಉಸಿರಿನ ಕೊಳವೆ ಕಟ್ಟಿದ ಟೇಪು ಕುತ್ತಿಗೆಯ ಸುತ್ತ ಬಿಗಿಯಾಗಿರುವುದೂ ಉಂಟು. ಹೃದಯದ ಓಟಿಯಲ್ಲಾದರೆ ಒಂದು ಪಕ್ಕದ ಇಳಿಕೆ ಹೆಚ್ಚು ಗಂಭೀರ. ಮಹಾಪಧಮನಿಗೆ ಹಾಕಿದ ಕೊಳವೆಯ ತುದಿ ಬಲ ಶಾಖೆಯೊಳಗೇ ನುಸುಳಿದ್ದರೆ ಬಲ ಮಿದುಳಿಗೆ ಪ್ರವಾಹ, ಎಡಕ್ಕೆ ಬರ. ಮಹಾಪಧಮನಿಯ ಕಮಾನು ರಿಪೇರಿಯಲ್ಲಿ ಬಲತೋಳಿನ ರಕ್ತನಾಳದ ಮೂಲಕ ಮಿದುಳಿಗೆ ರಕ್ತ ಕೊಡುವಾಗ, ಮಿದುಳಿನ ಬುಡದ ರಕ್ತನಾಳಗಳ ಬಳೆ ಪೂರ್ತಿ ಕೂಡಿರದವರಲ್ಲಿ ಎಡಕ್ಕೆ ರಕ್ತ ದಾಟುವುದಿಲ್ಲ. ಎಡ ಚಾನೆಲ್ ಇಳಿದದ್ದು ಕಂಡರೆ ಎಡಕ್ಕೂ ಕೊಳವೆ ಹಾಕಬೇಕೆಂಬ ಸೂಚನೆ. ಈ ಯಂತ್ರ ತನ್ನ ಬೆಲೆಯನ್ನು ಪೂರ್ತಿ ತೀರಿಸುವ ಜಾಗ ಯಾವುದೆಂದು ಕೇಳಿದರೆ ನಾವು ಇದನ್ನೇ ತೋರಿಸುತ್ತೇವೆ. ಕುತ್ತಿಗೆಯ ಕೆರೋಟಿಡ್ ನಾಳವನ್ನು ಕ್ಲ್ಯಾಂಪ್ ಮಾಡುವ ಆಪರೇಶನ್ನಿಗೆ ಎರಡನೇ ಸ್ಥಾನ.

ಎರಡೂ ಪಕ್ಕ ಇಳಿದರೆ ಕ್ರಮವಾಗಿ ನೋಡುತ್ತ ಹೋಗಬೇಕು. ರಕ್ತದೊತ್ತಡ ಮೊದಲು, ಅದೂ ಕಿವಿಯ ಮಟ್ಟದ ಲೆಕ್ಕದಲ್ಲಿ. ಅಪಧಮನಿಯೊಳಗೆ ಲೈನ್ ಹಾಕಿದ್ದರೆ ಅದರ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಕಿವಿಯ ಎತ್ತರಕ್ಕೇ ಕಟ್ಟಿಬಿಡಿ, ಲೆಕ್ಕದ ತಲೆನೋವು ತಪ್ಪುತ್ತದೆ. ಆಮೇಲೆ ವೆಂಟಿಲೇಟರ್. ಕಾರ್ಬನ್ ಡೈಆಕ್ಸೈಡ್ 1 ಮಿಲಿಮೀಟರ್ ಇಳಿದರೆ ಮಿದುಳಿನ ರಕ್ತಪ್ರವಾಹ ಶೇ. 3ರಿಂದ 4ರಷ್ಟು ಇಳಿಯುತ್ತದೆ. ಉಸಿರಿನ ಕೊನೆಯ ಅಳತೆ 27ಕ್ಕೆ ಬಂದಿದ್ದರೆ ಯಾರೋ ವೆಂಟಿಲೇಟರನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟಿದ್ದಾರೆ. ಉಸಿರಿನ ದರ ಇಳಿಸಿ 35ರಿಂದ 40ಕ್ಕೆ ತಂದರೆ ಔಷಧ ಇಲ್ಲದೆಯೇ ಅಂಕಿ ಏರುವುದನ್ನು ನೋಡಬಹುದು. ಖರ್ಚಿಲ್ಲದ ಮದ್ದು ಇದೊಂದೇ, ಆದರೂ ಜನ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಅದಾದ ಮೇಲೆ ಹಿಮೋಗ್ಲೋಬಿನ್. ರಕ್ತ ಹೋಗಿದೆಯೇ, ಡ್ರಿಪ್ ಹೆಚ್ಚಾಗಿ ತೆಳುವಾಗಿದೆಯೇ? ಹಾರ್ಟ್-ಲಂಗ್ ಯಂತ್ರ ಶುರುವಾದ ಕೂಡಲೇ ಅಂಕಿ ಕೆಲವು ಅಂಶ ಜಾರುವುದು ಯಂತ್ರದೊಳಗಿನ ದ್ರವ ರಕ್ತಕ್ಕೆ ಬೆರೆತು ತೆಳುವಾಗುವುದರಿಂದ. ಆಗ ಆ ಯಂತ್ರ ನಡೆಸುವ ಪರ್ಫ್ಯೂಶನಿಸ್ಟ್ ಪಂಪಿನ ಹರಿವು ಏರಿಸಿ ನೋಡುತ್ತಾರೆ. ಇದ್ಯಾವುದೂ ಅಲ್ಲವಾದರೆ ಮಿದುಳು ಹೆಚ್ಚು ಬಳಸುತ್ತಿದೆಯೇ ನೋಡಿ: ಅರಿವಳಿಕೆ ತೆಳುವಾಗಿದೆಯೇ, ಜ್ವರವಿದೆಯೇ, ಬೇಗಬೇಗ ಬಿಸಿ ಮಾಡುತ್ತಿದ್ದಾರೆಯೇ. ಮೈ ಬಿಸಿ 1 ಡಿಗ್ರಿ ಇಳಿದರೆ ಮಿದುಳಿನ ಬಳಕೆ ಶೇ. 6ರಿಂದ 7 ಇಳಿಯುತ್ತದೆ, ಏರಿದರೆ ಏರುತ್ತದೆ.

ಆಮ್ಲಜನಕವನ್ನು ಶೇ. 100 ಮಾಡಿ ಅಂಕಿ ಸರಿಯಾಯಿತೆಂದು ಕೈ ತೊಳೆದುಕೊಳ್ಳುವುದು ಸುಲಭದ ದಾರಿ. ತುರ್ತಿಗೆ ಮಾಡಬೇಕಾದ್ದೇ, ಆದರೆ ಕಾರಣ ಅಲ್ಲೇ ಉಳಿದಿರುತ್ತದೆ, ಅಂಕಿ ಮಾತ್ರ ಮುಚ್ಚಿಡುತ್ತದೆ.

ಯಂತ್ರ ಸುಳ್ಳು ಹೇಳುವಾಗ

ಫಿನೈಲೆಫ್ರಿನ್ ಕೊಟ್ಟರೆ ಬಿಪಿ ಏರುತ್ತದೆ, ಹಣೆಯ ಅಂಕಿ ಇಳಿಯುತ್ತದೆ. ಮೊದಲು ಹೇಳಿದ ಚರ್ಮದ ಪಾಲು ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಔಷಧ ಚರ್ಮದ ರಕ್ತನಾಳಗಳನ್ನು ಹಿಂಡುತ್ತದೆ, ಮೀಟರು ಅದನ್ನೂ ಓದುತ್ತದೆ. ಹೃದಯ ಪಂಪ್ ಮಾಡುವ ಪ್ರಮಾಣ ಕಡಿಮೆಯಾಗುವುದೂ ಇನ್ನೊಂದು ಕಾರಣ. ಬಿಪಿ ಏರಿಸುವ ಇನ್ನೊಂದು ಔಷಧ ಎಫೆಡ್ರಿನ್ ಕೊಟ್ಟಾಗ ಇಷ್ಟು ಇಳಿಯುವುದಿಲ್ಲ. ಬೀಚ್ ಚೇರಿನಲ್ಲಿ ಔಷಧ ಆರಿಸುವಾಗ ಇದು ನೆನಪಿರಲಿ.

ಬಣ್ಣಗಳು ಇನ್ನೊಂದು ತೊಡಕು. ಇಂಡೊಸಯನಿನ್ ಗ್ರೀನ್, ಮಿಥಿಲೀನ್ ಬ್ಲೂ ರಕ್ತಕ್ಕೆ ಚುಚ್ಚಿದ ಕೂಡಲೇ ಅಂಕಿ ಅಡ್ಡಾದಿಡ್ಡಿ. ತೀವ್ರ ಕಾಮಾಲೆಯಲ್ಲಿ ಓದು ಸುಳ್ಳಾಗಿ ಕೆಳಗಿರುತ್ತದೆ. ಹಣೆಯ ಚರ್ಮದಡಿಯಲ್ಲೋ ಎಲುಬಿನಡಿಯಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಬೆಳಕು ಅಲ್ಲೇ ಸಿಕ್ಕಿಬೀಳುತ್ತದೆ. ಮರದಿಂದ ಬಿದ್ದು ತಲೆಗೂ ಪೆಟ್ಟಾದವರಲ್ಲಿ ಈ ಅಂಕಿಯನ್ನು ನಂಬಿ ಏನನ್ನೂ ತೀರ್ಮಾನಿಸಬೇಡಿ, ಸಿಟಿ ಸ್ಕ್ಯಾನಿಗೆ ಇದು ಬದಲಿಯಲ್ಲ. ಕರೆಂಟಿನಲ್ಲಿ ಕೊಯ್ಯುವ ಕಾಟರಿ ಹಿಡಿದಾಗ ಅಂಕಿ ಕ್ಷಣಕಾಲ ನಡುಗಿದರೆ ಗಾಬರಿ ಬೇಡ.

ಎಲ್ಲಕ್ಕಿಂತ ದೊಡ್ಡ ಮಿತಿ ಬೇರೆ. ಸತ್ತವರ ಹಣೆಗೆ ಅಂಟಿಸಿ ನೋಡಿದ ಅಧ್ಯಯನ ಉಂಟು; ಕೆಲವರಲ್ಲಿ ಬದುಕಿದ್ದವರಷ್ಟೇ ಅಂಕಿ ಬಂತು. ತರಕಾರಿಗಳಿಗೆ ಅಂಟಿಸಿದ ಅಧ್ಯಯನವೂ ಉಂಟು, ಅವೂ ಅಂಕಿ ಕೊಟ್ಟವು. ತಮಾಷೆಗೆ ಮಾಡಿದ್ದಲ್ಲ. ಸತ್ತ ಮಿದುಳು ಆಮ್ಲಜನಕ ಬಳಸುವುದೇ ಇಲ್ಲ, ಹಾಗಾಗಿ ಒಳಗೆ ಸಿಕ್ಕಿಕೊಂಡ ರಕ್ತದಲ್ಲಿ ಅದು ಹಾಗೇ ಉಳಿದಿರಬಹುದು. ಮೀಟರು ಅಳೆಯುವುದು ಕೊಟ್ಟದ್ದು ಮತ್ತು ತೆಗೆದುಕೊಂಡದ್ದರ ನಡುವಿನ ತಕ್ಕಡಿಯನ್ನು. ಮಿದುಳು ಜೀವಂತವಿದೆಯೇ ಎಂಬುದು ಅದರ ಪ್ರಶ್ನೆಯೇ ಅಲ್ಲ. ಅಲ್ಲದೆ ಅದು ನೋಡುವುದು ಹಣೆಯ ಹಿಂದಿನ ಎರಡು ಮೂರು ಸೆಂಟಿಮೀಟರ್ ಆಳದ ತುಣುಕನ್ನು. ಹಿಂಭಾಗದಲ್ಲಿ ಪಾರ್ಶ್ವವಾಯು ಆಗುತ್ತಿದ್ದರೂ ಪರದೆಯಲ್ಲಿ 66 ಎಂದು ಹಸನ್ಮುಖವಾಗಿ ನಿಂತಿರಬಹುದು.

ಪುರಾವೆ ಎಷ್ಟಿದೆ? 2007ರಲ್ಲಿ 200 ಬೈಪಾಸ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅಂಕಿ ನೋಡಿ ಸರಿಪಡಿಸಿದ ಗುಂಪಿಗೆ ದೊಡ್ಡ ತೊಡಕುಗಳು ಕಡಿಮೆಯಾದವು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ಮಾತ್ರ ಪುರಾವೆಯ ಗುಣಮಟ್ಟ ಸಾಲದು, ಪಾರ್ಶ್ವವಾಯುವಿನ ಮೇಲಿನ ಪರಿಣಾಮ ಖಚಿತವಿಲ್ಲ ಎಂದಿತು. ಅವಧಿಗೆ ತುಂಬ ಮೊದಲೇ ಹುಟ್ಟಿದ ಸುಮಾರು 1600 ಶಿಶುಗಳ ಸೇಫ್‌ಬೂಸ್ಕ್-3 ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಸಾವಾಗಲಿ ತೀವ್ರ ಮಿದುಳಿನ ಹಾನಿಯಾಗಲಿ ಕಡಿಮೆಯಾಗಲಿಲ್ಲ. "ಪಾರ್ಶ್ವವಾಯು ತಡೆಯುತ್ತದೆ" ಎಂದು ಕರಪತ್ರ ಹಿಡಿದು ಬರುವ ಪ್ರತಿನಿಧಿಗೆ ಇಷ್ಟನ್ನು ಓದಿ ಹೇಳಿ.

ಖರ್ಚು ಮತ್ತು ಸರ್ವಿಸ್

ಯಂತ್ರ ಒಮ್ಮೆ ಕೊಳ್ಳುವುದು, ಸೆನ್ಸರ್ ಪ್ರತಿ ರೋಗಿಗೂ ಹೊಸದು. ಜೋಡಿಗೆ ಹಲವು ಸಾವಿರ. ಆಸ್ಪತ್ರೆಗಳ ಲೆಕ್ಕ ತಪ್ಪುವುದು ಇಲ್ಲೇ. ಯಂತ್ರವನ್ನು "ಉಚಿತವಾಗಿ" ಇಟ್ಟುಹೋಗಿ ತಿಂಗಳಿಗೆ ಇಂತಿಷ್ಟು ಸೆನ್ಸರ್ ಕೊಳ್ಳಲೇಬೇಕೆಂಬ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಬೀಚ್ ಚೇರ್ ಆಪರೇಶನ್ ಆಗುತ್ತದೆಂದು ಓಟಿಯ ದಫ್ತರ ತೆಗೆದು ಎಣಿಸಿ. ಬಳಸದೆ ಉಳಿದ ಸೆನ್ಸರಿಗೂ ಅವಧಿ ತೀರುವ ತಾರೀಖು ಇದೆ, ಮಳೆಗಾಲದಲ್ಲಿ ಪೊಟ್ಟಣ ಒಡೆದಿಟ್ಟರೆ ಅಂಟು ಅದಕ್ಕೂ ಮೊದಲೇ ಸಾಯುತ್ತದೆ.

ಒಬ್ಬರಿಗೆ ಬಳಸಿದ್ದನ್ನು ಒರೆಸಿ ಇನ್ನೊಬ್ಬರಿಗೆ ಟೇಪು ಹಾಕಿ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೋಂಕಿನ ಮಾತು ಹಾಗಿರಲಿ, ಅಂಚು ಎದ್ದ ಸೆನ್ಸರಿನೊಳಗೆ ಓಟಿಯ ಬೆಳಕು ನುಗ್ಗಿ ಬರುವ ಅಂಕಿ ಯಾರದ್ದೂ ಅಲ್ಲ. ಬಿಲ್ಲಿನಲ್ಲಿ ರೋಗಿಯ ಹೆಸರಿಗೆ ಹೊಸ ಸೆನ್ಸರ್ ಎಂದು ಬರೆದು ಹಳೆಯದನ್ನು ಅಂಟಿಸುವುದಕ್ಕೆ ಬೇರೆಯೇ ಹೆಸರಿದೆ. ರೋಗಿಯ ಕಡೆಯವರು ಸೆನ್ಸರಿನ ಖಾಲಿ ಪೊಟ್ಟಣ ಕೇಳಬಹುದು. ಅದರ ಮೇಲೆ ಲಾಟ್ ಸಂಖ್ಯೆ, ಅವಧಿ, ಆಮದು ಪರವಾನಗಿಯ ವಿವರ ಇರುತ್ತದೆ.

ಸರ್ವಿಸ್ ವಿಷಯದಲ್ಲಿ ಗಡಿ ಜಿಲ್ಲೆಯ ಹಳೆಯ ರೋಗ ಇಲ್ಲೂ ಇದೆ. ಹತ್ತಿರದ ಡೀಲರ್ 50 ಕಿಲೋಮೀಟರ್ ದೂರದ ಮಂಗಳೂರಿನಲ್ಲಿದ್ದರೂ ಕಂಪನಿಯ ನಕ್ಷೆಯಲ್ಲಿ ಕಾಸರಗೋಡು ಕೇರಳ. ಇಂಜಿನಿಯರ್ ಕೊಚ್ಚಿ ಕಡೆಯಿಂದ ಬರಬೇಕು, ಬರುವ ತನಕ ಯಂತ್ರ ಕಪಾಟಿನಲ್ಲಿ. ಯಂತ್ರ ಕೆಟ್ಟರೆ ಎಷ್ಟು ದಿನದಲ್ಲಿ ಬದಲಿ ಕೊಡುತ್ತೀರಿ, ಮಂಗಳೂರಿನಿಂದ ಕೊಡಬಹುದೇ ಎಂಬುದನ್ನು ಖರೀದಿ ಪತ್ರದಲ್ಲೇ ಬರೆಸಿ. ಕೆಡುವುದು ಹೆಚ್ಚಾಗಿ ಪರದೆಯಲ್ಲ, ಸೆನ್ಸರಿಗೂ ಯಂತ್ರಕ್ಕೂ ನಡುವಿನ ಕೇಬಲ್. ಟೇಬಲಿನ ಚಕ್ರದಡಿ ಸಿಕ್ಕಿ ಒಳಗೆ ತುಂಡಾಗುತ್ತದೆ. ಒಂದು ಹೆಚ್ಚುವರಿ ಕೇಬಲ್ ಮೊದಲೇ ತೆಗೆದಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರು, ಯುಪಿಎಸ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ. ಮಿದುಳಿನ ಆಕ್ಸಿಮೀಟರಿಗೆಂದೇ ಐಎಸ್‌ಒ 80601-2-85 ಎಂಬ ಮಾನದಂಡವಿದೆ. ಕಡಿಮೆ ಬೆಲೆಯ ಹೊಸ ಹೆಸರು ಯಾವುದಾದರೂ ಬಂದರೆ ಅದನ್ನು ಪೂರೈಸಿದ ಪ್ರಮಾಣಪತ್ರ ಕೇಳಿ.

ನಮ್ಮ ಅಂಕ: ಹೃದಯದ ಮತ್ತು ಮಹಾಪಧಮನಿಯ ಓಟಿಗೆ 5ರಲ್ಲಿ 4.5, ಇರಲೇಬೇಕು. ತಿಂಗಳಿಗೆ ನಾಲ್ಕಾರು ಭುಜದ ಆಪರೇಶನ್ ಮಾಡುವ ಆಸ್ಪತ್ರೆಗೆ 3.5. ಅಪೆಂಡಿಕ್ಸ್, ಸಿಸೇರಿಯನ್ ಮಾತ್ರ ಮಾಡುವಲ್ಲಿಗೆ 1. ಆ ದುಡ್ಡಿನಲ್ಲಿ ಮೊದಲು ಉಸಿರಿನ ಕೊನೆಯ ಕಾರ್ಬನ್ ಡೈಆಕ್ಸೈಡ್ ಅಳೆಯುವ ಎಂಡ್ ಟೈಡಲ್ ಮಾನಿಟರ್ ಕೊಳ್ಳಿ. ಅದಿಲ್ಲದೆ ಹಣೆಯ ಅಂಕಿ ಏಕೆ ಇಳಿಯಿತೆಂದು ಹೇಳುವವರೇ ಇರುವುದಿಲ್ಲ.

ಡೆಮೊ ತೋರಿಸಲು ಬಂದ ಪ್ರತಿನಿಧಿಯನ್ನು ಕುರ್ಚಿಯಲ್ಲಿ ಕೂರಿಸಿ ಅವರ ಹಣೆಗೇ ಅಂಟಿಸಿ. ಬೇಸ್‌ಲೈನ್ ಒತ್ತಿ. ಅರ್ಧ ನಿಮಿಷ ಬೇಗಬೇಗ ಆಳವಾಗಿ ಉಸಿರಾಡಲು ಹೇಳಿ, ತಲೆ ಸುತ್ತಿದರೆ ನಿಲ್ಲಿಸಲಿ. ಅಂಕಿ ಒಂದೆರಡು ಅಂಶವಾದರೂ ಇಳಿದು ಮತ್ತೆ ಏರಬೇಕು. ಆಮೇಲೆ ಸೆನ್ಸರಿನ ಒಂದು ಅಂಚನ್ನು ಸ್ವಲ್ಪ ಎಬ್ಬಿಸಿ ಓಟಿಯ ದೀಪ ಹಾಕಿ. ಒಳ್ಳೆಯ ಯಂತ್ರ ಸಿಗ್ನಲ್ ಸರಿಯಿಲ್ಲ ಎಂದು ಅಂಕಿಯನ್ನೇ ಅಳಿಸುತ್ತದೆ. ಆಗಲೂ 68 ಎಂದು ತೋರಿಸುತ್ತ ಕೂತಿದ್ದರೆ ಚಹಾ ಕೊಟ್ಟು ಕಳಿಸಿಬಿಡಿ.